ಅವ್ವ ನೋಡಿದ ಅದಿರುಹುಳ

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಯಾವ ವಸ್ತುವಿಗೂ ತನ್ನದೇ ಬಣ್ಣ ಇರಲಿಲ್ಲ. ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಬೆಳಿಗ್ಗೆ ಒಣಗಲು ಹಾಕಿದ ಬಿಳಿ ಪಂಚೆ ಸಂಜೆ ತೆಗೆಯುವ ಹೊತ್ತಿಗೆ ಕೆಂಪು. ಸಂಡೂರಿನ ಗುಡ್ಡಗಳಿಂದ ಅದಿರು ಹೇರಿಕೊಂಡ ಲಾರಿಗಳು ಯಶವಂತನಗರದ ಹತ್ತಿರ ನಮ್ಮ ಓಣಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಅವು ಎಬ್ಬಿಸಿದ ಧೂಳು ಇಳಿಯುವಷ್ಟರಲ್ಲಿ ಹಿಂದೆಯೇ ಇನ್ನೊಂದು ಲಾರಿ ಬಂದಿರುತ್ತಿತ್ತು. ದೊಡ್ಡ ಮಳೆ ಬಂದಾಗ ಮಾತ್ರ ಒಂದೆರಡು ದಿನ ಬೇವು ಹಸಿರಾಗಿ ಕಾಣುತ್ತಿತ್ತು. ಯಾರೋ ಹೊಸ ಗಿಡ ತಂದು ನೆಟ್ಟಿದ್ದಾರೇನೋ ಎಂಬಂತೆ ನಾವು ನಿಂತು ನೋಡುತ್ತಿದ್ದೆವು.

ಅದಿರಿನ ಧೂಳು ಬರೀ ಕೆಂಪಲ್ಲ. ಬೆಳಕಿಗೆ ಹಿಡಿದರೆ ಅದರೊಳಗೆ ಸಣ್ಣ ಸಣ್ಣ ಹೊಳಪು ಇರುತ್ತದೆ. ಅಪ್ಪ ಲಾರಿಗೆ ಅದಿರು ತುಂಬುತ್ತಿದ್ದ. ಅವ್ವ ಹೆಂಗಸರ ಸಾಲಿನಲ್ಲಿ ಕೂತು ಅದಿರು ಆರಿಸುತ್ತಿದ್ದಳು, ಒಳ್ಳೆಯ ಅದಿರು ಪುಟ್ಟಿಗೆ, ಬರೀ ಕಲ್ಲು ಹಿಂದಕ್ಕೆ. ಹೊತ್ತು ಹುಟ್ಟುವ ಮುಂಚೆ ಇಬ್ಬರೂ ಕೆಲಸದ ಲಾರಿ ಹತ್ತಿ ಹೋದರೆ ಬರುವುದು ದೀಪ ಹಚ್ಚುವ ವೇಳೆಗೆ. ಆಗ ಅವರ ಕುತ್ತಿಗೆ, ಮೊಣಕೈ, ಕಣ್ಣಿನ ರೆಪ್ಪೆ ಎಲ್ಲವೂ ಚಿಮಣಿಯ ಬೆಳಕಿಗೆ ಮಿಣಿಮಿಣಿ ಅನ್ನುತ್ತಿದ್ದವು. ಬೇರೆ ಮಕ್ಕಳಿಗೆ ಹೊಳೆಯುವುದು ಎಂದರೆ ಬಳೆ, ಒಡವೆ, ನಕ್ಷತ್ರ. ನನಗೆ ಮಾತ್ರ ಹೊಳೆಯುವುದು ಎಂದರೆ ದಣಿವು. ಯಾರ ಮೈ ಹೆಚ್ಚು ಹೊಳೆಯುತ್ತದೋ ಅವರನ್ನು ಅಂದು ಹೆಚ್ಚು ಮಾತಾಡಿಸಬಾರದು ಎಂದು ತಿಳಿದುಕೊಂಡಿದ್ದೆ.

ಇದನ್ನೆಲ್ಲ ಈಗ ಹೇಳಲು ಕಾರಣ ಇದೆ. ಮೊನ್ನೆ ನೀವಿಬ್ಬರೂ ಮಾಳಿಗೆಯ ಮೇಲಿನ ಕುಂಡದ ಹತ್ತಿರ ಕೂತು, "ತಾತಾ, ಇಲ್ಲಿ ನೋಡಿ, ಬಂಗಾರದ ನೊಣ" ಎಂದು ಕೂಗಿದಿರಲ್ಲ, ನನಗೆ ಮೇಲೆ ಹತ್ತಿ ಬರುವಷ್ಟರಲ್ಲಿ ಉಸಿರು ಕಟ್ಟಿತ್ತು. ಮಂಡಿ ನೋವು ಬೇರೆ. ಆದರೂ ಬಗ್ಗಿ ನೋಡಿದೆ. ಅದು ನೊಣ ಅಲ್ಲ, ಪತಂಗ. ನನಗೆ ಭಾಳ ಹಳೆಯ ಪರಿಚಯ. ಆವತ್ತು ಮೆಟ್ಟಿಲು ಇಳಿಯುವುದೇ ದೊಡ್ಡ ಕೆಲಸವಾಗಿ ಹೇಳಲಾಗಲಿಲ್ಲ. ಈಗ ಕೂತಿದ್ದೇನೆ, ಹೇಳುತ್ತೇನೆ.

ಆ ವರ್ಷ ಅವ್ವನಿಗೆ ಚಳಿಜ್ವರ ಬಂತು. ಮೈ ನಡುಗುವಾಗ ಮನೆಯಲ್ಲಿದ್ದ ಕಂಬಳಿ, ಗೋಣಿಚೀಲ, ಅಪ್ಪನ ಪಂಚೆ ಎಲ್ಲ ಹೊದಿಸಿದರೂ ಸಾಲುತ್ತಿರಲಿಲ್ಲ. ಗುಳಿಗೆ ನುಂಗಿ ಜ್ವರವೇನೋ ಹೋಯಿತು, ಹೋಗುವಾಗ ಅವ್ವನ ಶಕ್ತಿಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಬಾಗಿಲಿನಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದಳು. ದವಾಖಾನೆಯ ನರ್ಸಮ್ಮ ಮನೆಗೆ ಬಂದವರು ಅವ್ವನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪಿರಬೇಕಾದ ಕಡೆ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಮೈಯಾಗ ರಕ್ತನ ಇಲ್ಲ ಈಕಿಗೆ," ಎಂದರು ನರ್ಸಮ್ಮ. "ಗುಳಿಗಿ ಕೊಡ್ತೀನಿ. ಅಷ್ಟ ಸಾಲಂಗಿಲ್ಲ, ದಿನಾ ಸೊಪ್ಪು ತಿನ್ನಸ್ರಿ. ಹೊಲಕ್ಕ, ಗಣಿಗೆ ಅಂತ ಕಳಿಸಬ್ಯಾಡ್ರಿ ಮತ್ತ."

ಸೊಪ್ಪು ಎಲ್ಲಿಂದ ತರುವುದು? ನಮ್ಮ ಕಡೆ ಸೊಪ್ಪು ಬರುವುದು ವಾರದ ಸಂತೆಗೆ, ಅದೂ ಬಂಡ್ರಿ ಕಡೆಯಿಂದ ತಲೆಯ ಮೇಲೆ ಹೊತ್ತು ತಂದದ್ದು, ಸಂತೆ ಸೇರುವಷ್ಟರಲ್ಲಿ ಬಾಡಿರುತ್ತಿತ್ತು. ಹಾಗಾಗಿ ಅಕ್ಕ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಜಾಗ ಅಗೆದು ಬೂದಿ ಬೆರೆಸಿ ಕೆಂಪು ರಾಜಗಿರಿ ಬೀಜ ಚೆಲ್ಲಿದಳು. ಅಕ್ಕನಿಗೂ ಆಗ ಚಿಕ್ಕ ವಯಸ್ಸೇ. ಆದರೆ ಅವ್ವ ಮಲಗಿದ ದಿನದಿಂದ ರೊಟ್ಟಿ ಬಡಿಯುವವಳು, ನೀರು ತರುವವಳು, ನನ್ನ ಕಿವಿ ಹಿಂಡುವವಳು ಎಲ್ಲ ಅವಳೇ ಆಗಿದ್ದಳು. ರಾಜಗಿರಿ ಜಲ್ದಿ ಏಳುವ ಸೊಪ್ಪು. ಅಂಗೈ ಉದ್ದ ಬಂದ ಕೂಡಲೇ ಅಕ್ಕ ಕಿತ್ತು ಪಲ್ಯ ಮಾಡಲು ಶುರು ಮಾಡಿದಳು. ಪಲ್ಯದ ರಸ ಕೆಂಪಗೆ ತಟ್ಟೆಗೆ ಇಳಿದಾಗ ನನಗೆ ನೇರವಾಗಿ ರಕ್ತವೇ ಬಡಿಸಿದಂತೆ ಧೈರ್ಯ ಬರುತ್ತಿತ್ತು.

ಹಗಲೆಲ್ಲ ಅವ್ವ ಹಿತ್ತಲ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿರುತ್ತಿದ್ದಳು. ಅವ್ವನನ್ನು ಹಗಲು ಹೊತ್ತು ಮನೆಯಲ್ಲಿ ಕಂಡದ್ದು ನನಗೆ ಅದೇ ಮೊದಲು. ತಪ್ಪು ತಿಳಿಯಬೇಡಿ, ನನಗೆ ಅದು ಖುಷಿಯೂ ಆಗಿತ್ತು. ಬಿಸಿಲಿನಲ್ಲಿ ಅವ್ವನ ಮುಖ ಹೇಗಿರುತ್ತದೆ, ಹಣೆಯ ಹಚ್ಚೆ ಯಾವ ಬಣ್ಣದ್ದು ಎಂದು ನನಗೆ ಗೊತ್ತಾದದ್ದು ಆಗ. ಹಚ್ಚೆ ಕಪ್ಪು ಎಂದುಕೊಂಡಿದ್ದೆ, ಹಸಿರು.

ಅವ್ವನೇ ಮೊದಲು ಆ ಹುಳ ಕಂಡವಳು. ಅಕ್ಕ ಬೀಜಕ್ಕೆಂದು ನಾಲ್ಕಾರು ಗಿಡ ಕೀಳದೆ ಬಿಟ್ಟಿದ್ದಳು. ಅವು ಎತ್ತರ ಬೆಳೆದು ತೆನೆ ಹಾಯ್ದಿದ್ದವು. ಹೊತ್ತು ನೆತ್ತಿಗೇರಿ ಕೋಳಿಗಳೂ ನೆರಳು ಹುಡುಕುವಾಗ ಆ ತೆನೆಗಳ ಮೇಲೆ ಏನೋ ಹೊಳೆಯುತ್ತಿತ್ತು. ಗಾತ್ರ ಎಷ್ಟು ಎನ್ನುತ್ತೀರಿ, ಒಂದು ಅಕ್ಕಿ ಕಾಳಿನಷ್ಟು. ರೆಕ್ಕೆ ಮಡಚಿಕೊಂಡು ತೆನೆಯ ಮೇಲೆ ಅವಸರವಿಲ್ಲದೆ ನಡೆಯುತ್ತಿತ್ತು. ನೆರಳಿನಲ್ಲಿ ನೋಡಿದರೆ ಕಂದು ಬಣ್ಣ. ಬಿಸಿಲಿಗೆ ತಿರುಗಿತೋ, ತಿಕ್ಕಿದ ತಾಮ್ರದ ಹೊಳಪು, ಅದರ ಮೇಲೆ ಸ್ವಲ್ಪ ನೇರಳೆ. ರೆಕ್ಕೆಯ ಮೇಲೆ ಅರಿಶಿನದ ಚುಕ್ಕೆ. ಹಾರುವಾಗ ಹೊಟ್ಟೆ ಕೆಂಪಗೆ ಕಾಣುತ್ತಿತ್ತು. ಒಂದು ಮೋಡ ಅಡ್ಡ ಬಂದರೆ ಸಾಕು, ಎಲ್ಲವೂ ಎಲೆಯ ಅಡಿಗೆ ಹೋಗಿ ಕೂತುಬಿಡುತ್ತಿದ್ದವು.

ಅವ್ವ ತಲೆ ಎತ್ತದೆ, ಹೊರಸಿನ ಮೇಲೆ ಮಗ್ಗುಲಾಗಿ ಅವನ್ನೇ ನೋಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದು ಹೇಳಿದಳು.

"ನೋಡ್ಲೇ, ಪಾಪ, ಇದೂ ಗಣಿಗೆ ಹೋಗಿ ಬಂದೈತಿ. ಮೈಗೆಲ್ಲ ಅದಿರು ಹತ್ತೈತಿ. ದಣದೈತಿ ಅದು, ಅದಕ್ಕ ನಿಧಾನ ಅಡ್ಡಾಡತೈತಿ."

ಅವ್ವ ತಮಾಷೆಗೆ ಹೇಳಿದಳೋ ನಿಜವೆಂದೇ ತಿಳಿದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ನಂಬಿದೆ. ನಂಬದೆ ಏನು? ಬೇವು, ಎಮ್ಮೆ, ಪಂಚೆ ಎಲ್ಲಕ್ಕೂ ಅದಿರು ಹತ್ತುವಾಗ ಒಂದು ಹುಳಕ್ಕೆ ಹತ್ತುವುದಿಲ್ಲವೇ? ಸಾಕ್ಷಿಯೂ ಸಿಕ್ಕಿತು. ಒಂದನ್ನು ಮೆಲ್ಲಗೆ ಬೆರಳಿನಲ್ಲಿ ಹಿಡಿದು ಬಿಟ್ಟೆ. ಬೆರಳಿಗೆ ಸಣ್ಣ ಪುಡಿ ಅಂಟಿತ್ತು, ಹೊಳೆಯುತ್ತಿತ್ತು, ಅಪ್ಪನ ಮೊಣಕೈ ಮೇಲೆ ಇರುತ್ತಿತ್ತಲ್ಲ, ಅದೇ ಹೊಳಪು. ಓಡಿ ಹೋಗಿ ಅಕ್ಕನಿಗೆ ತೋರಿಸಿದೆ. ರೊಟ್ಟಿ ತಟ್ಟುತ್ತಿದ್ದ ಅಕ್ಕ ನೋಡಿ, "ಹೌದಲೇ, ಅದಿರ ಐತಿ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಅದಿರುಹುಳ ಎಂದಾಯಿತು. ಬೇರೆ ಊರಿನ ಮಕ್ಕಳು ಅದನ್ನು ಬಂಗಾರ ಅನ್ನುತ್ತಿದ್ದರೇನೋ, ನೀವು ಅಂದ ಹಾಗೆ. ನಮ್ಮ ತಲೆಗೆ ಬಂಗಾರ ಹೊಳೆಯಲೇ ಇಲ್ಲ.

ಇಷ್ಟು ಚೆನ್ನಾಗಿ ನಡೆದಿರುವಾಗ ಸೊಪ್ಪಿಗೆ ಹುಳ ಬಿತ್ತು. ಇದು ಬೇರೆ ಹುಳ, ಸಣ್ಣ ಹಸಿರು ಮರಿಹುಳ. ಎರಡು ಎಲೆ ಹತ್ತಿರ ಎಳೆದು ಜೇಡನ ಹಾಗೆ ನೂಲು ಹಾಕಿ ಹೊಲಿದು, ಒಳಗೆ ಕೂತು ತಿನ್ನುತ್ತಿತ್ತು. ಎಲೆಯ ನರ ಬಿಟ್ಟು ಉಳಿದದ್ದೆಲ್ಲ ಮಾಯ. ಬಿಡಿಸಿದರೆ ಮೈ ಕುಣಿಸುತ್ತ ನೂಲಿನ ಮೇಲೆ ಕೆಳಗೆ ಇಳಿದು ಪರಾರಿ. ಅಕ್ಕ ಬೆಳಿಗ್ಗೆ ಎದ್ದು ಒಂದೊಂದೇ ಎಲೆ ಬಿಡಿಸಿ ನೋಡುತ್ತ ಕೂರುತ್ತಿದ್ದಳು. ಸೊಪ್ಪಿನ ಮಡಿ ಅರ್ಧ ಮುಗಿಯುವಷ್ಟರಲ್ಲಿ ಬಿಸಿಲೇರುತ್ತಿತ್ತು, ಒಲೆ ಕರೆಯುತ್ತಿತ್ತು. ದಿನದಿಂದ ದಿನಕ್ಕೆ ಪಲ್ಯ ಕಡಿಮೆಯಾಯಿತು. ಮೊದಲು ನಮ್ಮ ತಟ್ಟೆಯಿಂದ ಹೋಯಿತು, ಆಮೇಲೆ ಅವ್ವನ ತಟ್ಟೆಯಲ್ಲೂ ಒಂದು ಹಿಡಿಗೆ ಇಳಿಯಿತು. ಅವ್ವ ಮತ್ತೆ ಗೋಡೆ ಹಿಡಿಯತೊಡಗಿದಳು. ಅಕ್ಕ ಒಲೆಯ ಮುಂದೆ ಹೊಗೆಯ ನೆಪ ಮಾಡಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೂ ಒಂದೇ ಹೆದರಿಕೆ ಇತ್ತು. ಸೊಪ್ಪು ಹೋದರೆ ಅವ್ವ ಹೋಗುತ್ತಾಳೆ.

ಅದೇ ಸಮಯದಲ್ಲಿ ನಾನೊಂದು ಮರಿಹುಳ ಸಾಕಿದ್ದೆ. ಅಪ್ಪನ ಖಾಲಿ ಹಲ್ಲುಪುಡಿ ಡಬ್ಬಿಯನ್ನು ಅಕ್ಕನಿಂದ ತೊಳೆಸಿಕೊಂಡು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಎಲೆ ಹಾಕಿ, ಧೂಳು ಬೀಳದಂತೆ ಮೇಲೊಂದು ಬಟ್ಟೆ ಸುತ್ತಿ ಇಟ್ಟಿದ್ದೆ. ಶತ್ರುವಿನ ಮರಿಯನ್ನು ಯಾಕೆ ಸಾಕಿದೆ ಎಂದು ಕೇಳಬೇಡಿ, ಹುಡುಗರಿಗೆ ಕಾರಣ ಬೇಕಾಗುವುದಿಲ್ಲ. ಅದು ತಿಂದು ತಿಂದು ದಪ್ಪಗಾಗಿ, ಕೊನೆಗೆ ಎಲೆಯ ಮಡಿಕೆಯಲ್ಲಿ ಬಿಳಿ ನೂಲಿನ ಗೂಡು ಸುತ್ತಿಕೊಂಡು ಸುಮ್ಮನಾಯಿತು. ಸತ್ತಿತು ಎಂದುಕೊಂಡು ಡಬ್ಬಿಯನ್ನು ಹಿತ್ತಲ ಗೋಡೆಯ ಗೂಡಿನಲ್ಲಿಟ್ಟು ಮರೆತಿದ್ದೆ.

ಈಗ ನಾನು ಹೇಳಬೇಕೆಂದಿದ್ದ ಆ ದಿನಕ್ಕೆ ಬಂದೆ. ಹಿಂದಿನ ಸಂಜೆ ಅಪ್ಪ ಕೆಲಸದಿಂದ ಬರುವಾಗ ಕಾಗದದ ಪೊಟ್ಟಣವೊಂದನ್ನು ತಂದಿದ್ದ. ಪಕ್ಕದ ಮನೆಯವರು ತಮ್ಮ ಹೊಲಕ್ಕೆಂದು ತಂದಿಟ್ಟಿದ್ದ, ಹುಳ ಸಾಯಿಸುವ ಪುಡಿ. ಬೆಳಿಗ್ಗೆ ಹೊರಡುವ ಮುಂಚೆ ಅಕ್ಕನ ಕೈಗೆ ಕೊಟ್ಟು ಹೇಳಿದ.

"ಮಂಜು ಆರಿದ ಮ್ಯಾಲ ಸೊಪ್ಪಿನ ಮ್ಯಾಗ ಉದುರಸು. ಮೂಗಿಗೆ ಬಟ್ಟಿ ಕಟ್ಗೊ. ಆಮ್ಯಾಲ ಚೊಲೋತ್ನಾಗ ತೊಳದು ಮಾಡಿದ್ರ ಏನೂ ಆಗಂಗಿಲ್ಲಂತ."

"ಅವ್ವಗ ಕೊಡಬೌದೇನಪ್ಪಾ?" ಎಂದಳು ಅಕ್ಕ.

ಅಪ್ಪ ಚಪ್ಪಲಿ ಮೆಟ್ಟುತ್ತಿದ್ದವನು ತಲೆ ಎತ್ತಿದ. "ಹುಳ ತಿಂದು ಮುಗಿಸಿದ್ರ ಮತ್ತೇನ ಕೊಡ್ತಿ ಆಕಿಗೆ?" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು.

ಬಿಸಿಲೇರಿತು. ಅವ್ವ ಹೊರಸಿನ ಮೇಲೆ ನಿದ್ದೆ ಹೋಗಿದ್ದಳು. ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಡಿಯ ಅಂಚಿಗೆ ಬಂದು ಪೊಟ್ಟಣದ ದಾರ ಬಿಚ್ಚಿದಳು. ಗಾಳಿಗೆ ಅದರ ಘಾಟು ನನ್ನವರೆಗೂ ಬಂದು ಗಂಟಲು ಹಿಡಿಯಿತು. ಪುಡಿ ಬೆಳ್ಳಗಿತ್ತು, ರೊಟ್ಟಿ ಹಿಟ್ಟಿನ ಹಾಗೆಯೇ. ಅಕ್ಕ ಅದನ್ನು ನೋಡುತ್ತ ನಿಂತಳು, ಉದುರಿಸಲಿಲ್ಲ. ನನಗೆ ತೆನೆಗಳ ಮೇಲಿನ ಅದಿರುಹುಳಗಳ ನೆನಪಾಯಿತು. ಒಂದೆರಡನ್ನಾದರೂ ಹಿಡಿದು ಡಬ್ಬಿಯಲ್ಲಿಟ್ಟು ಉಳಿಸೋಣ ಎಂದು ಗೋಡೆಯ ಗೂಡಿಗೆ ಓಡಿದೆ. ಬಟ್ಟೆ ಬಿಚ್ಚಿ ಮುಚ್ಚಳ ತೆಗೆದೆ.

ಡಬ್ಬಿಯೊಳಗೆ ಒಂದು ಅದಿರುಹುಳ ಕೂತಿತ್ತು.

ಪಕ್ಕದಲ್ಲಿ ಬಿಳಿ ಗೂಡು ಒಡೆದು ಬಿದ್ದಿತ್ತು. ಹುಳ ಬಿಸಿಲಿಗೆ ಒಂದು ಹೆಜ್ಜೆ ಇಟ್ಟಿತು, ತಾಮ್ರದ ಹಾಗೆ ಹೊಳೆಯಿತು. ತೊಳೆದ ಡಬ್ಬಿ, ಮುಚ್ಚಿದ ಡಬ್ಬಿ. ಧೂಳು ಹೋಗಲಾರದ ಜಾಗ. ಲಾರಿ ಇಲ್ಲ, ಗಣಿ ಇಲ್ಲ. ನಾನು ಡಬ್ಬಿ ಹಿಡಿದು ಅಕ್ಕನ ಮುಂದೆ ಹೋಗಿ ನಿಂತೆ. ಅಕ್ಕ ಗೂಡನ್ನು ನೋಡಿದಳು, ಹುಳವನ್ನು ನೋಡಿದಳು, ಆಮೇಲೆ ತೆನೆಗಳ ಕಡೆ ತಿರುಗಿದಳು. ಅವಳಿಗೆ ನನಗಿಂತ ಜಲ್ದಿ ಅರ್ಥವಾಯಿತು.

"ಹಂಗಾರ ಆ ಹುಳ ಇವುಗಳ ಮರಿ," ಎಂದಳು. "ನಾ ಹುಳ ಆರಸೋದು, ಇವು ಮ್ಯಾಲ ಕುಂತು ತತ್ತಿ ಇಡೋದು. ಅವ್ವ ನೋಡಿ ಖುಷಿ ಪಡತಾಳಂತ ಸುಮ್ನಿದ್ದೆ ನಾನು."

ಅವಳ ಮುಖ ಕೆಂಪಾಯಿತು. ಪೊಟ್ಟಣದಿಂದ ಹಿಡಿ ತುಂಬಾ ಪುಡಿ ತೆಗೆದಳು. ನಾನು ಅವಳ ಕೈ ಹಿಡಿದು ಜೋತುಬಿದ್ದೆ. ಬ್ಯಾಡ ಅಕ್ಕ, ಬ್ಯಾಡ ಎಂದು ಅತ್ತೆ. ಹುಳಕ್ಕಾಗಿ ಅತ್ತೆನೋ ಅವ್ವನಿಗಾಗಿ ಅತ್ತೆನೋ ನನಗೇ ತಿಳಿಯಲಿಲ್ಲ. ನಮ್ಮ ಗಲಾಟೆಗೆ ಅವ್ವನಿಗೆ ಎಚ್ಚರವಾಯಿತು.

ಅವ್ವ ಮಲಗಿದಲ್ಲಿಂದಲೇ ಎಲ್ಲ ಕೇಳಿದಳು. ಡಬ್ಬಿ ತರಿಸಿಕೊಂಡು ಎದೆಯ ಮೇಲೆ ಇಟ್ಟುಕೊಂಡು ಒಳಗೆ ನೋಡಿದಳು.

"ಹಂಗಾರ ಇದು ಗಣಿಗೆ ಹೋಗೇ ಇಲ್ಲ," ಎಂದಳು. "ಹೋಗದನ ಇಷ್ಟು ಹೊಳಿತೈತಿ."

ಅವಳ ದನಿಯಲ್ಲಿ ನಗು ಇತ್ತು, ಆದರೆ ನಗುವಷ್ಟು ಉಸಿರಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಅಕ್ಕನ ಕಡೆ ನೋಡಿ, "ಆ ಪುಡಿ ಕಟ್ಟಿ ಗ್ವಾಡಿ ಮಾಡದಾಗ ಇಡು. ನಿಮ್ಮಪ್ಪ ಬಂದ ಮ್ಯಾಲ ಯಾರದೋ ಅವರಿಗೆ ಮುಟ್ಟಸ್ತಾನ. ಹುಳ ಸಾಯೋದು ತಿಂದು ನನಗ ಹೆಂಗ ರಕ್ತ ಬರತೈತಿ? ಕೈ ತೊಳ್ಕೊ ಹೋಗು," ಎಂದಳು.

"ಮತ್ತ ಸೊಪ್ಪು?" ಎಂದಳು ಅಕ್ಕ. ಅವಳೂ ಅಳುತ್ತಿದ್ದಳು.

ಅವ್ವ ಎದ್ದು ಕೂತಳು. ಹೊರಸಿನ ಹಗ್ಗ ಹಿಡಿದಳು, ಬೇವಿನ ಬೊಡ್ಡೆ ಹಿಡಿದಳು, ಅಕ್ಕನ ಹೆಗಲು ಹಿಡಿದಳು. ಹಾಗೆ ಹಿಡಿಯುತ್ತ ಹಿಡಿಯುತ್ತ ಬಂದು ಮಡಿಯ ಅಂಚಿನಲ್ಲಿ ಕಾಲು ಮಡಚಿ ಕೂತಳು. ಗಣಿಯಲ್ಲಿ ಹೇಗೆ ಕೂರುತ್ತಿದ್ದಳೋ ಹಾಗೆ. ಬಲಕ್ಕೆ ಒಂದು ಮೊರ ಇಡಿಸಿಕೊಂಡಳು, ಎಡಕ್ಕೆ ಒಂದು ಪುಟ್ಟಿ.

ಅಕ್ಕ ಒಂದೊಂದು ಎಲೆ ಬಿಡಿಸಿ ಒಳಗೆ ಹುಳ ಇದೆಯೇ ಎಂದು ನೋಡುತ್ತಿದ್ದಳಲ್ಲ, ಅವ್ವ ಬಿಡಿಸಲೇ ಇಲ್ಲ. ಗಿಡವನ್ನು ಬುಡದಲ್ಲಿ ಹಿಡಿದು ಬಿಸಿಲಿನ ಕಡೆ ಸ್ವಲ್ಪ ಬಗ್ಗಿಸುತ್ತಿದ್ದಳು. ಹೊಲಿದ ಎಲೆ ಜೋಡಿ ಬೆಳಕು ಬಿಡದೆ ಕಪ್ಪಗೆ ಕಾಣುತ್ತಿತ್ತು. ಅದನ್ನು ಬಿಗಿಯಾಗಿ ಚಿವುಟಿ, ಹುಳ ಜಾರುವ ಮುಂಚೆ ಪುಟ್ಟಿಗೆ. ಒಳ್ಳೆಯ ಎಲೆ ಮೊರಕ್ಕೆ. ಮತ್ತೆ ಮುಂದಿನ ಗಿಡ. ಅವಳ ಕೈಗಳು ಅವಳಿಗಿಂತ ಗಟ್ಟಿಯಾಗಿದ್ದವು. ಮುಖ ಬಿಳಿಚಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ನಡುನಡುವೆ ಕಣ್ಣು ಮುಚ್ಚಿ ಉಸಿರು ತೆಗೆದುಕೊಳ್ಳುತ್ತಿದ್ದಳು, ಆಗಲೂ ಬೆರಳು ಎಲೆ ಹುಡುಕುತ್ತಿತ್ತು. ಅಷ್ಟು ವರ್ಷ ಅವ್ವ ಗುಡ್ಡದ ಮೇಲೆ ಏನು ಮಾಡುತ್ತಾಳೆ ಎಂಬುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಆವತ್ತು ಹಿತ್ತಲಲ್ಲಿ ಕಂಡೆ. ಅಕ್ಕ ಪಕ್ಕದಲ್ಲಿ ಕೂತು ಕಲಿತಳು, ನಾನು ಪುಟ್ಟಿ ತುಂಬಿದಂತೆಲ್ಲ ಕೋಳಿಗಳಿಗೆ ಸುರಿದೆ. ಕೋಳಿಗಳಿಗೆ ಅಂಥ ಹಬ್ಬ ಮತ್ತೆ ಸಿಕ್ಕಿರಲಾರದು.

ಮಡಿ ಮುಗಿದಾಗ ಅವ್ವ ಎದ್ದೇಳಲಿಲ್ಲ. ಕೂತಲ್ಲಿಯೇ ಮಗ್ಗುಲಿಗೆ ಒರಗಿ ನೆಲದ ಮೇಲೆ ಮಲಗಿಬಿಟ್ಟಳು. ಕರೆದರೆ ಓ ಎನ್ನಲಿಲ್ಲ. ಅಕ್ಕ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತುಟಿಗೆ ನೀರು ಹಚ್ಚಿದಳು. ನಾನು ಅವ್ವನ ಹೊಟ್ಟೆ ಏಳುತ್ತದೆಯೋ ಇಲ್ಲವೋ ಎಂದು ನೋಡುತ್ತ ಕೂತೆ. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದು ಬೇರೆ ಯಾವತ್ತೂ ಇಲ್ಲ. ಲಾರಿಗಳು ಹೋಗುತ್ತಲೇ ಇದ್ದವು. ಒಂದು ದಿನವಾದರೂ ನಿಲ್ಲಬಾರದೇ ಇವು ಎಂದು ನನಗೆ ಸಿಟ್ಟು ಬಂದಿತ್ತು.

ಕೊನೆಗೆ ಅವ್ವ ಕಣ್ಣು ಬಿಡದೆ ಕೇಳಿದಳು. "ಸೊಪ್ಪು ಎಷ್ಟಾತು?"

"ಮೊರದ ತುಂಬ ಆಗೈತಬೇ," ಎಂದಳು ಅಕ್ಕ.

"ಬ್ಯಾಳಿ ಹಾಕಿ ಮಾಡು. ಎಲ್ಲಾರಿಗೂ ಮಾಡು," ಎಂದಳು ಅವ್ವ.

ಆ ಮಧ್ಯಾಹ್ನ ನಾವು ಮೂವರೂ ಬೇವಿನ ಕೆಳಗೆ ಕೂತು ಜೋಳದ ರೊಟ್ಟಿಗೆ ಬಿಸಿ ಪಲ್ಯ ಹಚ್ಚಿಕೊಂಡು ತಿಂದೆವು. ಡಬ್ಬಿಯ ಹುಳವನ್ನು ಏನು ಮಾಡಲಿ ಎಂದು ಕೇಳಿದೆ. ಅಕ್ಕ ಕೋಳಿಯ ಕಡೆ ಬೆರಳು ತೋರಿಸಿದಳು. ಅವ್ವ ಮಾತ್ರ, "ಬಿಡು, ಹೋಗ್ಲಿ. ತತ್ತಿ ಇಡ್ತಾವು, ನಾವು ಆರಸ್ತೀವಿ. ಅದರ ಕೆಲಸ ಅದಕ್ಕ, ನಮ್ಮ ಕೆಲಸ ನಮಗ," ಎಂದಳು. ತೆನೆಯ ಹತ್ತಿರ ಡಬ್ಬಿ ಹಿಡಿದೆ. ಅದು ಅಂಚಿನ ಮೇಲೆ ಬಂದು ಬಿಸಿಲು ಕಾಯಿಸಿಕೊಂಡು ಹಾರಿತು.

ಸಂಜೆ ಬಂದ ಅಪ್ಪ ಗೋಡೆಯ ಮಾಡದಲ್ಲಿದ್ದ ಪೊಟ್ಟಣ ನೋಡಿದ, ಮಡಿ ನೋಡಿದ, ನಿದ್ದೆ ಹೋಗಿದ್ದ ಅವ್ವನನ್ನು ನೋಡಿದ. ಮರುದಿನ ನಸುಕಿನಲ್ಲಿ ನನಗೆ ಎಚ್ಚರವಾದಾಗ ಅಪ್ಪ ಹಿತ್ತಲಲ್ಲಿ ಕಂದೀಲು ಇಟ್ಟುಕೊಂಡು, ಅಕ್ಕ ತೋರಿಸಿಕೊಟ್ಟ ಹಾಗೆ ಗಿಡ ಬಗ್ಗಿಸಿ ಎಲೆ ಚಿವುಟುತ್ತಿದ್ದ. ಸಲಿಕೆ ಹಿಡಿದ ಬೆರಳುಗಳು, ಒಂದು ಹುಳದ ಎಲೆಗೆ ಎರಡು ಒಳ್ಳೆಯ ಎಲೆ ಹಾಳುಮಾಡುತ್ತಿದ್ದವು. ಆದರೂ ಲಾರಿ ಬರುವವರೆಗೆ ಮಾಡಿದ. ಆಮೇಲೆ ದಿನಾ ಮಾಡಿದ.

ಸೊಪ್ಪು ಉಳಿಯಿತು. ತಟ್ಟೆ ತುಂಬಿತು. ನರ್ಸಮ್ಮ ಮತ್ತೆ ಬಂದು ರೆಪ್ಪೆ ಎಳೆದು ನೋಡಿ, "ಈಗ ನೋಡ್ರಿ, ಬಣ್ಣ ಬಂತು," ಎಂದ ದಿನ ನಾನು ಓಣಿಯ ತುಂಬ ಓಡಾಡಿ ಎಲ್ಲರಿಗೂ ಹೇಳಿಬಂದೆ. ಅವ್ವ ಎದ್ದಳು. ಎದ್ದವಳು ಮುಂದಿನ ವಾರ ಗಣಿಗೆ ಹೋದಳು. ಅವ್ವ ಹುಷಾರಾಗುವುದು ಎಂದರೆ ಇದೇ ಎಂದು ನನಗೆ ಯಾರೂ ಹೇಳಿರಲಿಲ್ಲ.

ಈ ಪತಂಗದ ಬಗ್ಗೆ ನಿಮಗೆ ಒಂದು ವಿಷಯ ಹೇಳಬೇಕು. ರಾತ್ರಿ ದೀಪಕ್ಕೆ ಬಂದು ಬೀಳುತ್ತವಲ್ಲ, ಇದೂ ಅದೇ ಬಳಗದ್ದು. ಆದರೆ ಇದಕ್ಕೆ ದೀಪ ಬೇಡ, ಬಿಸಿಲು ಬೇಕು. ಬೆರಳಿಗೆ ಅಂಟಿದ್ದು ಅದಿರಿನ ಪುಡಿ ಅಲ್ಲ, ಅದರ ರೆಕ್ಕೆಯ ಹುರುಪೆಗಳು. ಮೀನಿನ ಮೈಮೇಲೆ ಇರುವಂಥವು, ಆದರೆ ಕಣ್ಣಿಗೆ ಕಾಣದಷ್ಟು ಚಿಕ್ಕವು. ಆ ಹುರುಪೆಗಳಿಗೆ ಬಿಸಿಲು ಬಿದ್ದರೆ ಮಾತ್ರ ಹೊಳಪು. ಇದೆಲ್ಲ ನಾನು ದೊಡ್ಡವನಾದ ಮೇಲೆ ಓದಿ ತಿಳಿದದ್ದು. ಆಗ ನನಗೆ ತಿಳಿದದ್ದು ಇಷ್ಟೇ. ಅದು ಬರುವ ಹೊತ್ತಿಗೆ ಅವ್ವ ಗುಡ್ಡದ ಮೇಲೆ ಇರುತ್ತಿದ್ದಳು, ಅವ್ವ ಬರುವ ಹೊತ್ತಿಗೆ ಅದು ಎಲೆಯ ಅಡಿಯಲ್ಲಿ ಇರುತ್ತಿತ್ತು.

ಒಂದು ಸಂಜೆ ಅವ್ವನಿಗೆಂದೇ ಒಂದನ್ನು ಡಬ್ಬಿಯಲ್ಲಿ ಹಿಡಿದಿಟ್ಟು, ಅವಳು ಬಂದು ಕಾಲು ಚಾಚಿ ಕೂತ ಮೇಲೆ ಚಿಮಣಿಯ ಹತ್ತಿರ ತೆರೆದು ತೋರಿಸಿದೆ. ಅದು ಮೂಲೆಯಲ್ಲಿ ಮುದುರಿ ಕೂತಿತ್ತು, ಕಂದು ಬಣ್ಣದ ಒಂದು ಹೊಟ್ಟಿನ ಚೂರು. ಅವ್ವ ನೋಡಿದಳು. ಅವಳ ರೆಪ್ಪೆಗಳ ಮೇಲಿನ ಅದಿರು ಮಾತ್ರ ದೀಪಕ್ಕೆ ಹೊಳೆಯುತ್ತಿತ್ತು.

"ಇದಕ್ಕ ಕತ್ತಲಾಗೈತಲೇ, ಬಿಟ್ಟು ಬಾ," ಎಂದಳು. "ನೀ ಬಾಯಿಲೆ ಹೇಳು. ಇವತ್ತು ಬಂದಿದ್ವೇನು? ಬಿಸಲಿಗೆ ಹೆಂಗ ಹೊಳದ್ವು?"

ನಾನು ಹೇಳಿದೆ. ತಾಮ್ರದ ಬಣ್ಣ, ನೇರಳೆ, ಅರಿಶಿನದ ಚುಕ್ಕೆ, ಯಾವ ತೆನೆಯಿಂದ ಯಾವ ತೆನೆಗೆ ಹಾರಿದವು ಎಲ್ಲ ಹೇಳಿದೆ. ಮುಗಿಸುವಷ್ಟರಲ್ಲಿ ಅವ್ವ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಅದೇ ರೂಢಿಯಾಯಿತು. ದಿನಾ ಕೇಳುತ್ತಿದ್ದಳು, ದಿನಾ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು. ಮತ್ತೆ ಅವುಗಳನ್ನು ಅವ್ವ ತನ್ನ ಕಣ್ಣಿನಿಂದ ನೋಡಿದ್ದು ನನಗೆ ನೆನಪಿಲ್ಲ.

ನಿಮ್ಮದು ಬೇರೆ ಲೋಕ. ಈ ಹೊಸಪೇಟೆಯ ಮನೆಗೆ ಸೊಪ್ಪು ತೊಳೆದು, ಕಟ್ಟಿ, ಚೀಲದಲ್ಲಿ ಬರುತ್ತದೆ, ಹುಳ ಕಂಡರೆ ನೀವು ಚೀರುತ್ತೀರಿ. ನಿಮ್ಮ ಅಮ್ಮ ವಡ್ಡು ಕಡೆಯ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ತಂಪು ಕೋಣೆಯಲ್ಲಿ ಕೂತು ಮಾಡುವ ಕೆಲಸ. ಮೈಗೆ ಧೂಳಿಲ್ಲ, ಜ್ವರ ಬಂದರೆ ರಜೆ ಇದೆ. ನನಗೆ ಅದು ಸಮಾಧಾನ, ಸುಳ್ಳು ಹೇಳುವುದಿಲ್ಲ. ಆದರೆ ಅವಳೂ ಹೊತ್ತು ಹುಟ್ಟುವ ಮುಂಚೆ ಹೋಗುತ್ತಾಳೆ, ದೀಪ ಹಾಕಿದ ಮೇಲೆ ಬರುತ್ತಾಳೆ. ಬಂದವಳು ಸೋಫಾದ ಮೇಲೆ ಕೂತು ಗೋಡೆ ನೋಡುತ್ತಾಳೆ. ನೀವು ಅದನ್ನು ಸಿಟ್ಟು ಎಂದುಕೊಂಡಿದ್ದೀರಿ. ನನಗೆ ಗೊತ್ತು, ಅದು ಸಿಟ್ಟಲ್ಲ.

ಮೊನ್ನೆ ನೀವು ಆ ಪತಂಗದ ಫೋಟೋ ತೆಗೆದು ಕೂಡಲೇ ಅಮ್ಮನಿಗೆ ಕಳಿಸಿದಿರಿ. ಅಷ್ಟು ದೂರದಲ್ಲಿ ಕೆಲಸ ಮಾಡುತ್ತಿದ್ದವಳ ಕೈಗೆ ಮಧ್ಯಾಹ್ನದ ಬಿಸಿಲು ಸಮೇತ ಹೋಗಿ ಮುಟ್ಟಿತು. ನನಗೆ ಆಗ ಅಂಥದ್ದೊಂದು ಸಿಕ್ಕಿದ್ದರೆ ಏನು ಕೊಡುತ್ತಿದ್ದೆನೋ. ಅವಳು ಉತ್ತರವಾಗಿ ಒಂದು ಹೆಬ್ಬೆರಳು ಕಳಿಸಿದಳು, ಅಷ್ಟೇ. ನಿಮಗೆ ಬೇಜಾರಾಯಿತು. ಬೇಜಾರು ಬೇಡ. ಫೋಟೋ ನೋಡಲೂ ಸ್ವಲ್ಪ ಬಿಡುವು ಬೇಕು ಮಕ್ಕಳೇ.

ನಾಳೆ ಭಾನುವಾರ. ಅವಳನ್ನು ಬೇಗ ಎಬ್ಬಿಸಬೇಡಿ. ಬಿಸಿಲೇರಿದ ಮೇಲೆ ಮಾಳಿಗೆಯಲ್ಲಿ ಕುಂಡದ ಪಕ್ಕ ಒಂದು ಕುರ್ಚಿ ಹಾಕಿ. ನಾನು ಹತ್ತಲಾರೆ, ಕುರ್ಚಿಯನ್ನು ನೀವೇ ಹೊತ್ತೊಯ್ಯಬೇಕು. ಅಮ್ಮನ ಕೈಯಿಂದ ಫೋನ್ ತೆಗೆದು ನನ್ನ ಹತ್ತಿರ ತಂದಿಡಿ, ಬೈದರೆ ನಾನು ಬೈಸಿಕೊಳ್ಳುತ್ತೇನೆ. ಅವಳನ್ನು ಅಲ್ಲಿ ಕೂರಿಸಿ, ನೀವೂ ಪಕ್ಕದಲ್ಲಿ ಕೂರಿ. ಏನೂ ಮಾತಾಡಬೇಕಿಲ್ಲ. ಹುಳ ಬರದಿದ್ದರೂ ಪರವಾಗಿಲ್ಲ. ಹಗಲು ಹೊತ್ತಿನಲ್ಲಿ, ಜ್ವರವಿಲ್ಲದೆ, ನಿಮ್ಮ ಅಮ್ಮ ಸುಮ್ಮನೆ ಕೂತದ್ದನ್ನು ನೀವೊಮ್ಮೆ ನೋಡಿ.